ಮಧ್ಯಾಹ್ನ ಹೊಡೆಯುವವಳು

ನಮ್ಮೂರಲ್ಲಿ ಮಧ್ಯಾಹ್ನ ತಾನಾಗಿ ಆಗುವುದಿಲ್ಲ, ನಾನು ಮಾಡಬೇಕು. ಸೂರ್ಯ ತನ್ನಷ್ಟಕ್ಕೆ ತಾನು ಹುಟ್ಟುತ್ತಾನೆ, ಮೇಲೇರುತ್ತಾನೆ, ನೆತ್ತಿಗೆ ಬಂದು ನಿಂತುಬಿಡುತ್ತಾನೆ. ಅಲ್ಲಿಂದ ಅವನನ್ನು ಪಡುವಣಕ್ಕೆ ಕದಲಿಸಬೇಕಾದರೆ ಪೇಟೆಯ ನಡುವಿನ ಗೋಪುರದ ಮೇಲೆ ಜಾಗಟೆಗೆ ಒಂದು ಏಟು ಬೀಳಬೇಕು. ನೆತ್ತಿಗೆ ಬರುವ ಮೊದಲೇ ಏಟು ಬಿದ್ದರೆ ಉಳಿದ ದಾರಿಯನ್ನು ಒಂದೇ ನೆಗೆತಕ್ಕೆ ಮುಗಿಸುತ್ತಾನೆ. ಹನ್ನೊಂದು ವರ್ಷದಿಂದ ಆ ಏಟು ನನ್ನದು. ಅಪ್ಪ ಇಟ್ಟ ಹೆಸರು ಚಂಪಾವತಿ, ಊರಿನವರು ಕರೆಯುವುದು ಮಧ್ಯಾಹ್ನದ ಚಂಪಕ್ಕ.

ಏಟು ಯಾವಾಗ ಹಾಕಬೇಕೆಂದು ಹೇಳುವುದು ಗಡಿಯಾರವಲ್ಲ, ಹೊಟ್ಟೆ. ಬೆಳಗ್ಗೆ ಒಂದು ಸಲ ಉಂಡು ಗೋಪುರ ಹತ್ತಬೇಕು. ಆಮೇಲೆ ನೀರೊಂದನ್ನು ಬಿಟ್ಟು ಬಾಯಿಗೆ ಏನೂ ಹಾಕುವ ಹಾಗಿಲ್ಲ. ಹಸಿವಾದಾಗ ಹೊಡೆಯಬೇಕು, ಇಷ್ಟೇ ಕೆಲಸ. ಹೊತ್ತಿನ ಕಚೇರಿಗೆ ಸೇರುವ ದಿನ ಜಾಗಟೆಯ ಮೇಲೆ ಕೈಯಿಡಿಸಿ ಇದಕ್ಕೆ ಪ್ರಮಾಣ ಮಾಡಿಸುತ್ತಾರೆ. ನಡುವೆ ಬಾಯಾಡಿಸಿದವರು ಹೊಡೆದರೆ ಸೂರ್ಯ ಕದಲುವುದಿಲ್ಲ ಎಂಬುದು ಊರಿನ ನಂಬಿಕೆ. ಪರೀಕ್ಷೆ ಮಾಡಿ ನೋಡಿದವರು ಯಾರೂ ಇಲ್ಲ. ಮಧ್ಯಾಹ್ನವೇ ಆಗದ ಊರಲ್ಲಿ ಬದುಕಿ ನೋಡುವ ಚಪಲ ಯಾರಿಗಿರುತ್ತದೆ?

ಹೀಗಾಗಿ ನನ್ನ ಹೊಟ್ಟೆಯ ಮೇಲೆ ಊರಿಗೆಲ್ಲ ಕಣ್ಣು. ಶಾಲೆಗೆ ಹೋಗುವ ಮಕ್ಕಳು ಬೆಳಗ್ಗೆ ನನ್ನನ್ನು ಕಂಡರೆ, "ಚಂಪಕ್ಕ, ಇವತ್ತು ಕಮ್ಮಿ ತಿಂದಿದೀರಾ ತಾನೆ?" ಎಂದು ಕೇಳುತ್ತವೆ. ಬಟ್ಟೆ ಹೊಲಿಯುವ ಕಾರ್ಖಾನೆಯ ಯಜಮಾನರು ಹಬ್ಬದ ಹೊತ್ತಿಗೆ ಕೆಲಸ ಜಾಸ್ತಿ ಇದ್ದಾಗ, "ಮುದ್ದೆ ಊಟ ಮಾಡ್ರಮ್ಮಾ, ಗಟ್ಟಿಯಾಗಿ ಉಣ್ಣಿ, ಆರೋಗ್ಯ ಮುಖ್ಯ" ಎಂದು ಹೇಳಿ ಕಳಿಸುತ್ತಾರೆ. ಬೆಳಗಿನ ಪಾಳಿ ಜಾಗಟೆಯವರೆಗೂ ಎಳೆಯುತ್ತದಲ್ಲ, ನನ್ನ ಆರೋಗ್ಯದ ಬಗ್ಗೆ ಅವರಿಗಿದ್ದ ಕಾಳಜಿ ಅದು. ಹೋಟೆಲಿನವರು ಏಟು ಕೇಳಿದ ಮೇಲೇ ಅನ್ನ ಬಸಿಯುತ್ತಾರೆ. ಬಾಣಂತಿಯರಿಗೆ, ಕಾಯಿಲೆಯವರಿಗೆ ಎಂದು ಯಾವ ವಿನಾಯಿತಿಯೂ ಇಲ್ಲ. ಏಟು ಬೀಳುವ ಮುಂಚೆ ಕೆಲಸದ ಜಾಗದಲ್ಲಿ ಬುತ್ತಿ ಬಿಚ್ಚುವುದು ನಮ್ಮಲ್ಲಿ ಮರ್ಯಾದೆಗೇಡು.

ಈ ಕೆಲಸ ನನಗೆ ಬಂದದ್ದು ಮಾವನಿಂದ. ಮಾವ ಸಿದ್ಧವೀರಯ್ಯನವರು ಮೂವತ್ತು ವರ್ಷ ಜಾಗಟೆ ಹೊಡೆದವರು, ಒಂದೇ ಒಂದು ಮಧ್ಯಾಹ್ನ ಆಚೀಚೆ ಆದದ್ದಿಲ್ಲ. ಕಚೇರಿಯ ಗೋಡೆಯಲ್ಲಿ ಅವರ ಪಟವಿದೆ. ಪೇಟ ಕಟ್ಟಿಕೊಂಡು, ಸದಾ ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಿದ್ದ ಹಿತ್ತಾಳೆಯ ನಶ್ಯದ ಡಬ್ಬಿಯನ್ನು ಕೈಯಲ್ಲಿ ಹಿಡಿದು ಕೂತಿದ್ದಾರೆ. ಕೆಳಗೆ "ಹಸಿವಿನ ಸತ್ಯವಂತ" ಎಂದು ಬರೆದಿದೆ. ಕೊನೆಗಾಲದಲ್ಲಿ ಕಾಲಿನ ಹುಣ್ಣು ಮಾಯದೆ ಮೊದಲು ಬೆರಳು ತೆಗೆದರು, ಆಮೇಲೆ ಪಾದ ತೆಗೆದರು, ಆಮೇಲೆ ಅವರೇ ಹೋದರು. ಅವರ ಮಗನಿಗೆ, ಎಂದರೆ ನಮ್ಮ ಯಜಮಾನರಿಗೆ, ಅಟ್ಟ ಹತ್ತಿದರೂ ತಲೆ ತಿರುಗುತ್ತದೆ. ಅವರು ನೆಲಮಟ್ಟದಲ್ಲೇ ಸೈಕಲ್ ಅಂಗಡಿ ಇಟ್ಟುಕೊಂಡು ಸುಖವಾಗಿದ್ದಾರೆ. ಕೋಲು ಸೊಸೆಯ ಕೈಗೆ ಬಂತು. ಮೊದಲ ದಿನ ನಾನು ಹೊಡೆದ ಏಟಿಗೆ ಊರಿಗೂರೇ ನೆರಳು ಬದಲಿಸಿದ್ದನ್ನು ಮೇಲಿನಿಂದ ನೋಡಿ ಅತ್ತಿದ್ದೆ. ಅಷ್ಟು ಪ್ರೀತಿ ನನಗೆ ಈ ಕೆಲಸದ ಮೇಲೆ.

ಹೋದ ವರ್ಷ ಬಾಯಾರಿಕೆ ಶುರುವಾಯಿತು. ಎಷ್ಟು ನೀರು ಕುಡಿದರೂ ಸಾಲದು, ಕುಡಿದದ್ದೆಲ್ಲ ಹೊರಗೆ ಹೋಗಬೇಕು. ಗೋಪುರದ ನೂರಾ ಎಂಟು ಮೆಟ್ಟಿಲನ್ನು ಅದಕ್ಕಾಗಿ ಎಷ್ಟು ಸಲ ಹತ್ತಿ ಇಳಿಯುವುದು? ರವಿಕೆ ಜೋತು ಬೀಳುವಷ್ಟು ಸೊರಗಿದೆ. ಆಸ್ಪತ್ರೆಯ ಸಿಸ್ಟರ್ ಫಿಲೋಮಿನಾ ಬೆರಳು ಚುಚ್ಚಿ ನೋಡಿ, "ಸಕ್ಕರೆ ಕಾಯಿಲೆ ಇದೆ, ಚಂಪಾವತಿ" ಎಂದರು. ಮೊದಲು ಮಾತ್ರೆ ಕೊಟ್ಟರು. ಅದಕ್ಕೆ ಬಗ್ಗಲಿಲ್ಲವೆಂದು ಡಾಕ್ಟರು ಇನ್ಸುಲಿನ್ ಬರೆದರು. ಬೆಳಗ್ಗೆ ಸೂಜಿ ಹಾಕಿಕೊಂಡು ತಿಂಡಿ, ಬೆಳಗಿನ ನಡುವೆ ಒಂದಿಷ್ಟು ಏನಾದರೂ, ಆಮೇಲೆ ಮಧ್ಯಾಹ್ನದ ಊಟ. ಸಿಸ್ಟರ್ ಬೆರಳು ಮಡಿಸಿ ಮಡಿಸಿ ಹೇಳಿದರು.

"ನಡುವೆ ತಿನ್ನೋ ಹಾಗಿಲ್ಲ ಸಿಸ್ಟರ್. ನನ್ನ ಕೆಲಸ ನಿಮಗೆ ಗೊತ್ತಲ್ಲ."

"ಗೊತ್ತು. ಅದಕ್ಕೇ ಹೇಳ್ತಿದೀನಿ. ಕಚೇರಿಗೆ ತಿಳಿಸಿ."

"ತಿಳಿಸಿದ್ರೆ ಮಾರನೇ ದಿನ ಕೋಲು ಕಿತ್ಕೋತಾರೆ."

"ಹೇಳೋದು ಬಿಡೋದು ನಿಮ್ಮಿಷ್ಟ. ನಾನಂತೂ ಯಾರ ಹತ್ರಾನೂ ಬಾಯಿ ಬಿಡಲ್ಲ. ಆದ್ರೆ ನಿಮಗೆ ಏನು ಬೇಕು ಅಂತ ಗೊತ್ತೇ ಇಲ್ದೆ ಅವರು ಹೇಗೆ ಕೊಡ್ತಾರೆ?" ಎಂದರು. ಕೈ ನಡುಗಿ ಬೆವರಿದರೆ ತಕ್ಷಣ ಬೆಲ್ಲವನ್ನೋ ಸಕ್ಕರೆಯನ್ನೋ ತಿನ್ನಬೇಕು, ತಿಂದು ನೂರರವರೆಗೆ ಒಂಬತ್ತು ಸಲ ಎಣಿಸಬೇಕು, ನಡುಕ ನಿಲ್ಲದಿದ್ದರೆ ಮತ್ತೆ ತಿನ್ನಬೇಕು. ತಿನ್ನದಿದ್ದರೆ ಪ್ರಜ್ಞೆ ತಪ್ಪಿ ಗೋಪುರದಿಂದ ಕೆಳಗೆ ಬೀಳುತ್ತೀರಿ ಎಂದು ಹೇಳಿ ಕಳಿಸಿದರು.

ನಾನು ಯಾರಿಗೂ ತಿಳಿಸಲಿಲ್ಲ. ಸೂಜಿಯನ್ನು ಬಚ್ಚಲಿನಲ್ಲಿ ಹಾಕಿಕೊಂಡೆ, ಉಂಡೆ, ಹತ್ತಿದೆ. ಮೊದಲ ವಾರವೇ ಅದು ಬಂತು. ಸೂರ್ಯ ಇನ್ನೂ ಆಸ್ಪತ್ರೆಯ ಹುಣಿಸೇಮರದ ತಲೆಯ ಮೇಲಿದ್ದ. ಕೈ ನಡುಗಿತು, ಬೆನ್ನು ಬೆವರಿ ಸೀರೆ ಅಂಟಿತು, ಹೊಟ್ಟೆಯಲ್ಲಿ ಬೆಂಕಿ ಬಿದ್ದಂಥ ಹಸಿವು. ಹನ್ನೊಂದು ವರ್ಷದಲ್ಲಿ ಅಂಥ ಹಸಿವು ಕಂಡಿರಲಿಲ್ಲ. ಹಸಿವಾದಾಗ ಹೊಡೆಯಬೇಕು ಎಂದಲ್ಲವೇ ನಾನು ಆಣೆಯಿಟ್ಟದ್ದು? ಹೊಡೆದೆ. ಸೂರ್ಯ ನೆತ್ತಿ ದಾಟಿ ನೆಗೆದ. ಇಳಿದು ಮನೆಗೆ ಓಡಿ ಬೆಲ್ಲ ಬಾಯಿಗೆ ಹಾಕಿಕೊಂಡ ಮೇಲೆ ಕಣ್ಣು ನೆಟ್ಟಗಾಯಿತು. ಅವತ್ತು ಮಕ್ಕಳು ನನಗೆ ಜೈ ಎಂದವು.

ಹಾಗೆ ನಾಲ್ಕು ಸಲ ಆದಾಗ ಜೈ ನಿಂತಿತು. ಬೆಳಗೇ ಸಾಲುತ್ತಿಲ್ಲ ಎಂದು ಕಾರ್ಖಾನೆಯವರು ಗೊಣಗಿದರು, ಬಟ್ಟೆ ಒಣಗುತ್ತಿಲ್ಲ ಎಂದು ಅಗಸರು ಬೈದರು. ಹೆದರಿಕೊಂಡು ಎರಡು ದಿನ ಸೂಜಿ ಹಾಕಿಕೊಳ್ಳುವುದನ್ನೇ ಬಿಟ್ಟೆ. ಆಗ ಹಸಿವೇ ಇಲ್ಲ, ಬರೀ ದಾಹ, ತಲೆಸುತ್ತು. ಸೂರ್ಯ ನೆತ್ತಿಯ ಮೇಲೆ ನಿಂತೇ ನಿಂತ. ಕೆಳಗೆ ಇಟ್ಟಿಗೆ ಹೊರುವ ಹೆಂಗಸೊಬ್ಬಳು ಬಿಸಿಲಿಗೆ ಬವಳಿ ಬಂದು ಬಿದ್ದಳು. ಸುಳ್ಳು ಹಸಿವಿಗೆ ಹೊಡೆದೆ. ಸೂರ್ಯ ಅದಕ್ಕೂ ಕದಲಿದ, ಆದರೆ ಆ ಭಯದಲ್ಲಿ ಅದನ್ನು ಯೋಚಿಸುವ ಬುದ್ಧಿ ನನಗಿರಲಿಲ್ಲ. ವಿಷಯ ಕೇಳಿ ಸಿಸ್ಟರ್ ನನಗೆ ಬೈದ ಬೈಗುಳ ನಮ್ಮಮ್ಮನೂ ಬೈದಿರಲಿಲ್ಲ. "ಸೂಜಿ ಬಿಟ್ರೆ ಸಾಯ್ತೀರಿ. ಕೆಲಸ ಬಿಟ್ರೆ ಬದುಕಿರ್ತೀರಿ. ಎರಡೂ ಉಳಿಸ್ಕೋಬೇಕು ಅಂದ್ರೆ ಬಾಯಿ ಬಿಡಬೇಕು" ಎಂದರು.

ಬಾಯಿ ಬಿಡುವ ಮುಂಚೆಯೇ ಗುಟ್ಟು ರಟ್ಟಾಯಿತು. ಒಂದು ಸೋಮವಾರ ನಡುಕ ಬಂದು ಹೊಡೆದೆ. ಇಳಿಯಲು ಎದ್ದವಳಿಗೆ ಕಾಲು ಎತ್ತಲಾಗಲಿಲ್ಲ, ತಲೆಯೊಳಗೆ ಮಂಜು. ಹೊಡೆದೆನೋ ಇಲ್ಲವೋ ನೆನಪಾಗಲಿಲ್ಲ. ಕೋಲು ಇನ್ನೂ ಕೈಯಲ್ಲಿತ್ತು. ಹೊಡೆದಿಲ್ಲ ಎಂದುಕೊಂಡು ಇನ್ನೊಂದು ಹೊಡೆದೆ. ಸೂರ್ಯ ಪಾಪ, ಹೇಳಿದ ಹಾಗೆ ಕೇಳುವವನು, ಪಡುವಣದ ಅಂಚಿಗೇ ಜಾರಿಬಿಟ್ಟ. ಎಲೆ ಮುಂದೆ ಕೂತು ಅನ್ನಕ್ಕೆ ಕೈ ಹಾಕಿದ್ದ ಊರು ದೀಪ ಹಚ್ಚಲು ಎದ್ದಿತು. ಕೋಳಿಗಳು ಗೂಡಿಗೆ ಸೇರಿಕೊಂಡವು. ಮದುವೆ ಮನೆಯೊಂದರಲ್ಲಿ ಧಾರೆಯ ಮುಹೂರ್ತ ಕಣ್ಣೆದುರೇ ಮೀರಿಹೋಗಿ ಎರಡೂ ಕಡೆಯವರು ಜಗಳಕ್ಕೆ ನಿಂತರು. ಗೋಪುರದ ಬುಡದಲ್ಲಿ ನೆರಳು ಗುರುತು ಮಾಡುವ ಗುಮಾಸ್ತ ಖಾದರಣ್ಣ ಓಡಿ ಹತ್ತಿ ಬಂದಾಗ ನಾನು ಜಾಗಟೆಗೆ ತಲೆಯಾನಿಸಿ ಕೂತಿದ್ದೆನಂತೆ. ಅವರ ಜೇಬಿನಲ್ಲಿದ್ದ ಪೆಪ್ಪರಮೆಂಟು ನನ್ನ ಜೀವ ಉಳಿಸಿತು.

ಮಾರನೇ ದಿನ ಹೊತ್ತಿನ ಅಧಿಕಾರಿ ವಾಮದೇವಪ್ಪನವರು ಕರೆಸಿದರು. ಒಳ್ಳೆಯ ಮನುಷ್ಯ, ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಗಟ್ಟಿಯಾಗುತ್ತಿದ್ದೆ. ಕುರ್ಚಿ ಎಳೆದು ಕೂರಿಸಿದರು, ಎಲ್ಲ ಕೇಳಿದರು, ನಾನು ಎಲ್ಲ ಹೇಳಿದೆ. ಅವರ ತಲೆಯ ಮೇಲೆ ಮಾವನ ಪಟವಿತ್ತು.

"ಅಯ್ಯೋ ಪಾಪ" ಎಂದರು. "ಈ ವಯಸ್ಸಿಗೇ. ನಮ್ಮ ಚಿಕ್ಕಮ್ಮನಿಗೂ ಇದೇ. ನಿಮಗೆ ವಿಶ್ರಾಂತಿ ಬೇಕು ಚಂಪಾವತಿಯವರೇ." ಒಂದು ಕಾಗದ ಮುಂದಿಟ್ಟರು. ನನ್ನ ಸ್ವಂತ ಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ ಕೆಲಸ ಬಿಡುತ್ತಿದ್ದೇನೆ ಎಂದು ಅದರಲ್ಲಿತ್ತು. ನನ್ನ ಇಚ್ಛೆ ನನಗಿಂತ ಮುಂಚೆ ಅವರಿಗೆ ಗೊತ್ತಾಗಿತ್ತು. "ಬೇಕಿದ್ರೆ ಕೆಳಗೆ ಕೂತು ಜಾಗಟೆ ತಿಕ್ಕೋ ಕೆಲಸ ಕೊಡ್ಸೋಣ. ಹತ್ತೋದು ಇಳಿಯೋದು ತಪ್ಪತ್ತೆ."

"ನನಗೆ ಹತ್ತೋಕೆ ಏನೂ ಕಷ್ಟ ಇಲ್ಲ ಸಾರ್. ಬೆಳಗಿನ ನಡುವೆ ಒಂದು ಹಿಡಿ ತಿನ್ನೋಕೆ ಬಿಟ್ರೆ ಸಾಕು."

ಅವರು ಪಟದ ಕಡೆ ನೋಡಿದರು. "ಮೂವತ್ತು ವರ್ಷ ಅಮ್ಮಾ. ಒಂದು ಕಾಳು ಬಾಯಿಗೆ ಹಾಕಲಿಲ್ಲ ಆ ಪುಣ್ಯಾತ್ಮ. ಅವರ ಸೊಸೆ ಕೇಳೋ ಮಾತಾ ಇದು?"

ನನಗೆ ನಾಚಿಕೆಯಾಯಿತು. ಕಾಗದ ಮನೆಗೆ ತೆಗೆದುಕೊಂಡು ಹೋಗಿ ಯೋಚನೆ ಮಾಡುತ್ತೇನೆ ಎಂದು ಎದ್ದು ಬಂದೆ. ದಾರಿಯಲ್ಲಿ ಮೂರು ಸಲ ಸಹಿ ಹಾಕಿಬಿಡಬೇಕು ಅನಿಸಿತು. ಮೇಲೆ ಇನ್ನೊಬ್ಬರು ಹೊಡೆದ ಏಟು ಕೇಳಿಸಿಕೊಂಡು ಕೆಳಗೆ ಹುಣಿಸೇಹಣ್ಣು ಹಚ್ಚಿ ಹಿತ್ತಾಳೆ ತಿಕ್ಕುವುದನ್ನು ನೆನೆದು ಮೂರು ಸಲವೂ ಕಾಗದ ಮಡಿಸಿಟ್ಟೆ.

ಖಾದರಣ್ಣ ಬಿಡಲಿಲ್ಲ. ಇಪ್ಪತ್ತು ವರ್ಷ ಬರೀ ನೆರಳಿಗೆ ಗೆರೆ ಎಳೆದ ಮನುಷ್ಯ, ತಾಳ್ಮೆಗೇನು ಕಮ್ಮಿ? ಕಚೇರಿಯ ನಿಯಮದ ಪುಸ್ತಕವನ್ನು ಮೊದಲಿಂದ ಕೊನೆಯವರೆಗೂ ಓದಿದರು. "ಇಲ್ಲಿ ಕೇಳಮ್ಮಾ" ಎಂದು ಒಂದು ಸಂಜೆ ಸಿಸ್ಟರ್ ಎದುರಿಗೇ ಓದಿ ಹೇಳಿದರು. "'ಜಾಗಟೆಯವರ ಶರೀರಕ್ಕೆ ತೊಂದರೆ ಉಂಟಾದಲ್ಲಿ, ಅವರಿಂದ ಕೆಲಸವು ಸಾಗುವಂತೆ ಕಚೇರಿಯು ಅನುಕೂಲ ಮಾಡಿಕೊಡತಕ್ಕದ್ದು.' ಗೋಪುರದ ಮೆಟ್ಟಿಲಿಗೆ ಹಗ್ಗ ಕಟ್ಟಿದಾರಲ್ಲ, ಅದು ಯಾಕೆ ಅಂದ್ಕೊಂಡಿದ್ದೆ? ನಿಮ್ಮ ಮಾವನಿಗಿಂತ ಹಿಂದೆ ಇದ್ದೋರಿಗೆ ಮಂಡಿ ನೋವಿತ್ತು. ಅವರನ್ನ ತೆಗೀಲಿಲ್ಲ, ಹಗ್ಗ ಕಟ್ಟಿದ್ರು."

ಹನ್ನೊಂದು ವರ್ಷ ಹಿಡಿದು ಹತ್ತಿದ ಹಗ್ಗ, ಅದು ಯಾರದೋ ಮಂಡಿಗಾಗಿ ಇದ್ದದ್ದು ಎಂದು ನನಗೆ ಹೊಳೆದೇ ಇರಲಿಲ್ಲ.

ಮೂವರೂ ಕೂತು ಅರ್ಜಿ ಬರೆದೆವು. ಬೆಳಗಿನ ನಡುವೆ ಸ್ವಲ್ಪ ತಿನ್ನಲು ಅಪ್ಪಣೆ ಬೇಕು, ಬೆಲ್ಲದ ಡಬ್ಬಿಯೊಂದು ಗೋಪುರದ ಮೇಲೆ ಇರಬೇಕು, ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗಲು ಬಿಡಬೇಕು, ಎಲ್ಲವೂ ಬರವಣಿಗೆಯಲ್ಲಿ ಆಗಬೇಕು. ನಡುವೆ ತಿಂದರೆ ನನ್ನ ಹಸಿವು ಮೊದಲಿನ ಹಾಗೆ ಹೊತ್ತಿಗೆ ಸರಿಯಾಗಿ ಬರುತ್ತದೆ ಎಂದು ಡಾಕ್ಟರ ಚೀಟಿಯನ್ನೂ ಲಗತ್ತಿಸಿದರು ಸಿಸ್ಟರ್.

ವಾಮದೇವಪ್ಪನವರು ಓದಿ ಕನ್ನಡಕ ತೆಗೆದರು. "ಹಗ್ಗ ಬೇರೆ, ಹೊಟ್ಟೆ ಬೇರೆ. ಇವತ್ತು ನಿಮಗೆ ಬೆಲ್ಲ ಅಂದ್ರೆ ನಾಳೆ ಬರೋರು ಪಾಯಸ ಕೇಳ್ತಾರೆ. ನೀವು ಬಾಯಾಡಿಸಿ ಹೊಡೆದು, ಸೂರ್ಯ ಕದಲದೇ ಹೋದ್ರೆ? ಊರಿಗೆ ಯಾರು ಜವಾಬ್ದಾರಿ?" ರಾತ್ರಿಯೆಲ್ಲ ನನ್ನನ್ನೂ ಅದೇ ಕಾಡುತ್ತಿತ್ತು. ಕೊನೆಗೆ ಅವರೇ ತೀರ್ಮಾನ ಹೇಳಿದರು. ಗುರುವಾರ ಅವರೇ ನನ್ನ ಜೊತೆ ಗೋಪುರ ಹತ್ತುತ್ತಾರೆ. ನಾನು ನಿಯಮದಂತೆ ಉಪವಾಸವಿದ್ದು ಸರಿಯಾದ ಹೊತ್ತಿಗೆ ಹೊಡೆದರೆ ಕೆಲಸ ಉಳಿಯುತ್ತದೆ. ಆಗದಿದ್ದರೆ ಕಾಗದಕ್ಕೆ ಸಹಿ.

ಗುರುವಾರ ಬೆಳಗ್ಗೆ ಬಚ್ಚಲಿನಲ್ಲಿ ಸೂಜಿ ಹಿಡಿದುಕೊಂಡು ನಿಂತೇ ಇದ್ದೆ. ಹಾಕಿಕೊಂಡರೆ ನಡುಕ, ಬಿಟ್ಟರೆ ದಾಹ. ಸಿಸ್ಟರ್ ಮುಖ ನೆನಪಾಗಿ ಹಾಕಿಕೊಂಡೆ. ಹೊರಗೆ ಬಂದರೆ ಅತ್ತೆ ಬಾಗಿಲಲ್ಲೇ ನಿಂತಿದ್ದರು. ನಮ್ಮತ್ತೆ ಸಾಕಮ್ಮ ಮಾತಿಗೆ ಮೊದಲು ಗಾದೆ ಹೇಳುವವರು. ಅವತ್ತು ಗಾದೆಯಿಲ್ಲ. ನನ್ನ ಕೈ ಹಿಡಿದು ಒಳಕೋಣೆಗೆ ಎಳೆದುಕೊಂಡು ಹೋಗಿ ಟ್ರಂಕಿನಿಂದ ಮಾವನ ನಶ್ಯದ ಡಬ್ಬಿ ತೆಗೆದರು.

"ತಗೋ. ಸೊಂಟಕ್ಕೆ ಸಿಕ್ಕಿಸ್ಕೋ."

ಮುಚ್ಚಳ ತೆಗೆದೆ. ನಶ್ಯವಿರಲಿಲ್ಲ. ಪುಡಿ ಮಾಡಿದ ಬೆಲ್ಲ, ಹುರಿಗಡಲೆ.

"ಇದರಲ್ಲಿ ಯಾವತ್ತೂ ನಶ್ಯ ಇರ್ಲಿಲ್ಲ ಕಣೆ" ಎಂದರು ಅತ್ತೆ. "ಅವರಿಗೂ ಇದೇ ಕಾಯಿಲೆ ಇತ್ತು, ಪರವೂರಿಂದ ಕದ್ದು ಮಾತ್ರೆ ತರಿಸಿ ನುಂಗ್ತಿದ್ರು, ಅದಕ್ಕೇ ನಿನ್ನ ಹಾಗೇ ನಡುಕ ಬರೋದು. ದಿನಾ ಬೆಳಗ್ಗೆ ತುಂಬಿ ಕೊಡ್ತಿದ್ದೋಳು ನಾನು. ಗೋಡೆ ಕಡೆ ತಿರುಗಿ ನಶ್ಯ ಏರಿಸೋ ಹಾಗೆ ಮಾಡಿ ಬಾಯಿಗೆ ಹಾಕ್ಕೊಳೋರು. ಇಲ್ಲಿನ ಆಸ್ಪತ್ರೆಗೆ ಹೋದ್ರೆ ಊರಿಗೆ ಗೊತ್ತಾಗತ್ತೆ ಅಂತ ಹೋಗ್ಲಿಲ್ಲ. ಕಾಲು ಕೊಳೀತು, ಆಗ್ಲೂ ಮುಳ್ಳು ಚುಚ್ಚಿತ್ತು ಅಂದ್ರು. ಅವರ ಆಣೆ, ಯಾರಿಗೂ ಹೇಳ್ಬೇಡ. ಆ ಪಟ ಒಂದು ಅಲ್ಲಿರ್ಲಿ. ನೀನೂ ಗೋಡೆ ಕಡೆ ತಿರುಗು, ತಿನ್ನು, ಹೊಡಿ." ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಮೆಟ್ಟಿಲು ಹತ್ತುವಾಗ ಎರಡು ಯೋಚನೆ. ಮಾವ ತಿಂದು ಹೊಡೆದಿದ್ದರು, ಸೂರ್ಯ ಮೂವತ್ತು ವರ್ಷ ಕದಲಿದ್ದ. ಈ ಒಂದು ಮಾತು ವಾಮದೇವಪ್ಪನವರ ಕಿವಿಗೆ ಹಾಕಿದರೆ ನನ್ನ ಕೆಲಸ ಉಳಿಯುತ್ತದೆ, ಆದರೆ ಅತ್ತೆಗೆ ಮಾತು ಕೊಟ್ಟಾಗಿದೆ. ಇನ್ನೊಂದು ದಾರಿ ಅತ್ತೆ ಹೇಳಿದ್ದು. ಸುಲಭದ್ದು. ಗೋಡೆ ಹತ್ತಿರವೇ ಇದೆ, ಬೇಕಾದಾಗ ತಿರುಗಬಹುದು. ಇವತ್ತು ತಿರುಗಬಹುದು, ನಾಳೆ ತಿರುಗಬಹುದು, ಕಾಲು ಕೊಳೆಯುವವರೆಗೂ ತಿರುಗಿಕೊಂಡೇ ಇರಬಹುದು. ಕೈಯಲ್ಲಿ ಹಗ್ಗ ಬಿಗಿಯಾಗಿ ಹಿಡಿದುಕೊಂಡೇ ಹತ್ತಿದೆ.

ಕೆಳಗೆ ಜನ ಸೇರಿದ್ದರು. ಕಾರ್ಖಾನೆಯವರು, ಅಗಸರು, ಮುಹೂರ್ತ ತಪ್ಪಿದ ಮದುವೆಯ ಎರಡೂ ಕಡೆಯವರು. ಯಜಮಾನರು ಅಂಗಡಿ ಮುಚ್ಚಿ ಬಂದಿದ್ದರು, ಕತ್ತೆತ್ತಿ ನೋಡಿದರೂ ತಲೆ ತಿರುಗುತ್ತದೆಂದು ನೆಲ ನೋಡಿಕೊಂಡು ನಿಂತಿದ್ದರು. ಮೇಲೆ ನಾನು ಜಾಗಟೆಯ ಪಕ್ಕ, ವಾಮದೇವಪ್ಪನವರು ಎದುರಿಗೆ ಕುರ್ಚಿಯಲ್ಲಿ. ಖಾದರಣ್ಣ ಬುಡದಲ್ಲಿ ಸೀಮೆಸುಣ್ಣ ಹಿಡಿದು ಕೂತಿದ್ದರು.

ಸೂರ್ಯ ಹುಣಿಸೇಮರ ದಾಟಿದ. ಶಾಲೆಯ ಹೆಂಚು ದಾಟಿದ. ಕೈಬೆರಳ ತುದಿಯಲ್ಲಿ ಇರುವೆ ಹರಿದ ಹಾಗಾಯಿತು. ಬಂತು, ಎಂದುಕೊಂಡೆ. ಕುತ್ತಿಗೆಯಲ್ಲಿ ಬೆವರು. ಜಾಗಟೆ ಒಂದಿದ್ದದ್ದು ಎರಡಾಗಿ ಕಾಣತೊಡಗಿತು.

"ಹಸಿವಾಯ್ತಾ?" ಎಂದು ಕೇಳಿದರು ವಾಮದೇವಪ್ಪನವರು.

"ಇದು ಹಸಿವಲ್ಲ ಸಾರ್. ಸಕ್ಕರೆ ಇಳೀತಿದೆ."

"ಹಾಗಾದ್ರೆ ತಡೀರಿ."

ತಡೆದೆ. ಎಷ್ಟು ಹೊತ್ತೋ ತಿಳಿಯದು. ಅವರ ಮುಖ ಹತ್ತಿರ ಬಂದು ದೂರ ಹೋಗುತ್ತಿತ್ತು. ಕೈ ತಾನಾಗಿ ಕೋಲಿನ ಕಡೆ ಹೋಯಿತು. ಹೊಡೆದರೆ ಇಳಿಯಬಹುದು, ಮನೆಗೆ ಓಡಬಹುದು. ಹಾಗೆ ಹೊಡೆದರೆ ಇವತ್ತೂ ಅರ್ಧ ಬೆಳಗು ಹಾಳು, ಸಹಿ ಖಾತ್ರಿ. ಕೋಲು ಬಿಟ್ಟು ಸೊಂಟಕ್ಕೆ ಕೈ ಹಾಕಿದೆ. ಗೋಡೆ ಎಡಗಡೆಗಿತ್ತು. ನಾನು ಬಲಗಡೆಗೆ, ಕಟಕಟೆಯ ಹತ್ತಿರ, ಇಡೀ ಊರಿಗೆ ಕಾಣುವ ಹಾಗೆ ಹೋಗಿ ನಿಂತೆ. ಮುಚ್ಚಳ ತೆಗೆದು ಬೆಲ್ಲ ಬಾಯಿಗೆ ಸುರಿದುಕೊಂಡೆ.

ಕೆಳಗಿನಿಂದ ಹೋ ಎಂಬ ಸದ್ದು ಎದ್ದಿತು. "ತಿಂದ್ಲು! ತಿಂದೇಬಿಟ್ಲು!" ಎಂದು ಯಾರೋ ಚೀರಿದರು.

ವಾಮದೇವಪ್ಪನವರು ಕುರ್ಚಿ ಬೀಳುವ ಹಾಗೆ ಎದ್ದರು. "ಏನ್ ಮಾಡಿದ್ರಿ! ಮುಗೀತು. ಇಳೀರಿ ಕೆಳಗೆ."

"ಮಧ್ಯಾಹ್ನ ಹೊಡೆದು ಇಳೀತೀನಿ ಸಾರ್" ಎಂದೆ. ನಾಲಿಗೆ ತೊದಲಿತು. "ಈಗ ನೂರು ಎಣಿಸ್ಬೇಕು, ಒಂಬತ್ತು ಸಲ. ಸುಮ್ನಿರಿ, ಲೆಕ್ಕ ತಪ್ಪತ್ತೆ."

ಯಾವ ಅಧಿಕಾರಿಗೂ ನಾನು ಸುಮ್ಮನಿರಿ ಎಂದವಳಲ್ಲ. ಸಕ್ಕರೆ ಇಳಿದವರ ಬಾಯಿಗೆ ಬೀಗವಿರುವುದಿಲ್ಲ. ಅವರು ಸುಮ್ಮನಾದರು, ಆದರೆ ನನ್ನ ಮಾತಿಗಲ್ಲ. ಅವರ ಕಣ್ಣು ಡಬ್ಬಿಯ ಮೇಲೆ ನೆಟ್ಟಿತ್ತು. ದಿನಾ ತಲೆಯ ಮೇಲಿನ ಪಟದಲ್ಲಿ ನೋಡಿದ ಡಬ್ಬಿ. ಮುಚ್ಚಳದ ಮೇಲಿನ ನವಿಲು, ಅಂಚಿನ ತಗ್ಗು, ಎಲ್ಲ ಅದೇ. ಬಗ್ಗಿ ಒಳಗೆ ನೋಡಿದರು. ಮೂಸಿ ನೋಡಿದರು. ಹತ್ತು ಜನ್ಮ ತೊಳೆದರೂ ನಶ್ಯದ ಘಾಟು ಹಿತ್ತಾಳೆಯಿಂದ ಹೋಗುವುದಿಲ್ಲ. ಈ ಹಿತ್ತಾಳೆ ಒಳಗೆಲ್ಲ ಬೆಲ್ಲದ ಕಪ್ಪು ಹಿಡಿದು, ಕಡಲೆಯ ವಾಸನೆ ಬರುತ್ತಿತ್ತು.

"ಈ ಡಬ್ಬಿ..." ಎಂದರು.

"ನಮ್ಮನೇದು ಸಾರ್" ಎಂದೆ. ಅಷ್ಟೇ ಹೇಳಿದೆ. ಅವರು ಬಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿ, ಬಹಳ ಹೊತ್ತು ಅದರಲ್ಲಿ ಕೂರದೆ ಅದರ ಬೆನ್ನು ಹಿಡಿದುಕೊಂಡು ನಿಂತಿದ್ದರು.

ಒಂಬತ್ತನೆಯ ನೂರು ಮುಗಿಯುವಷ್ಟರಲ್ಲಿ ಜಾಗಟೆ ಮತ್ತೆ ಒಂದೇ ಆಯಿತು. ಒಂದು ಹಿಡಿ ಕಡಲೆ ಅಗಿದು ನೀರು ಕುಡಿದೆ. ಆಮೇಲೆ ಕಾಯುವುದು. ಸೂರ್ಯ ಏರಿ ಏರಿ ನೆತ್ತಿಗೆ ಬಂದು ನಿಂತ. ನೆರಳುಗಳೆಲ್ಲ ಕಾಲಡಿಗೆ ಸೇರಿಕೊಂಡವು. ಹೊಟ್ಟೆ ಮಾತಾಡದಿದ್ದರೆ? ಮಾವನ ಮಾತು ಕೇಳಿದ ಸೂರ್ಯ ನನ್ನದು ಕೇಳದಿದ್ದರೆ? ಅವರು ಕದ್ದು ತಿಂದದ್ದು ಅವನಿಗೂ ಗೊತ್ತಾಗಿರಲಿಲ್ಲವೋ ಏನೋ, ನಾನು ಅವನ ಕಣ್ಣೆದುರೇ ತಿಂದಿದ್ದೆ. ಜಾಗಟೆಯ ಕಂಬ ಹಿಡಿದುಕೊಂಡೆ.

ಹಾಗಿರುವಾಗ ಬಂತು. ನಡುಕವಿಲ್ಲ, ಬೆವರಿಲ್ಲ, ಬೆಂಕಿಯಿಲ್ಲ. ಹೊಟ್ಟೆಯ ತಳದಲ್ಲಿ ಮೆಲ್ಲಗೆ ಒಂದು ಗುರ್ ಎಂಬ ಸದ್ದು. ಒಂದು ವರ್ಷದಿಂದ ಕೇಳದಿದ್ದ ನನ್ನ ಹಳೆಯ ಹಸಿವು. ನನಗೆ ಅಳು ಬಂತು. ಕೋಲೆತ್ತಿ ಹೊಡೆದೆ.

ಜಾಗಟೆಯ ಗುಂಗು ಊರ ಮೇಲೆ ಹರಡಿತು. ಏನೂ ಆಗಲಿಲ್ಲ. ಗುಂಗು ಇಳಿಯುತ್ತ ಬಂತು. ಆಗ ಬುಡದಿಂದ ಖಾದರಣ್ಣನ ಒಡಕು ದನಿ, "ಸರೀತು! ಸರೀತಮ್ಮಾ! ಸರಿಯಾಗಿ ಗೆರೆ ಮೇಲೆ!" ನೋಡಿದರೆ ಕಂಬದ ನೆರಳು ನನ್ನ ಪಾದ ದಾಟಿ ಮೂಡಣಕ್ಕೆ ಹೊರಟಿತ್ತು. ಕೆಳಗೆ ಊರಿನ ಬುತ್ತಿ ಡಬ್ಬಿಗಳ ಮುಚ್ಚಳ ಒಂದಾದ ಮೇಲೊಂದು ತೆರೆದುಕೊಂಡ ಸದ್ದು ಬಂತು.

ವಾಮದೇವಪ್ಪನವರು ಮುಖ ಒರೆಸಿಕೊಂಡರು. "ನೀವು ಇಲ್ಲಿ ತಿಂದದ್ದನ್ನ ನಾನು ಬರೆದಿಡಬೇಕಾಗತ್ತೆ, ಚಂಪಾವತಿಯವರೇ."

"ನಾನು ಅರ್ಜೀಲಿ ಕೇಳಿದ್ದೂ ಅದೇ ಸಾರ್. ಬರೆದು ಕೊಡಿ."

ಅವರು ನನ್ನನ್ನು ನೋಡಿದರು, ಸೊಂಟಕ್ಕೆ ಸೇರಿದ್ದ ಡಬ್ಬಿಯನ್ನು ನೋಡಿದರು. ಮೆಟ್ಟಿಲಿಳಿಯುವಾಗ ಹಗ್ಗ ಹಿಡಿದುಕೊಂಡು ಇಳಿದರು. ಸಂಜೆಗೆ ಖಾದರಣ್ಣ ಆದೇಶದ ಪ್ರತಿ ತಂದುಕೊಟ್ಟರು. ನಾವು ಕೇಳಿದ್ದೆಲ್ಲ ಅದರಲ್ಲಿತ್ತು. ತಿಂಗಳಿಗೊಮ್ಮೆ ಆಸ್ಪತ್ರೆ ಎನ್ನುವ ಕಡೆ ಮಾತ್ರ "ಕಾಲಿನ ತಪಾಸಣೆಯೂ ಸೇರಿದಂತೆ" ಎಂದು ಅಧಿಕಾರಿಗಳ ಸ್ವಂತ ಅಕ್ಷರದಲ್ಲಿ ಸೇರಿಸಿತ್ತು.

ಅದಕ್ಕೂ ಮುಂಚೆ, ಗೋಪುರ ಇಳಿದು ಮನೆಗೆ ಹೋದಾಗ, ಅತ್ತೆ ಹೊಸ್ತಿಲ ಮೇಲೆ ಕೂತಿದ್ದರು. ಏಟು ಕೇಳಿಯೂ ಉಂಡಿರಲಿಲ್ಲ. ಡಬ್ಬಿ ತೆಗೆದು ಕೈಗಿಟ್ಟೆ. ಮುಚ್ಚಳ ತೆಗೆದು, ಖಾಲಿಯಾದದ್ದನ್ನು ಬೆರಳಿನಿಂದ ತಡವಿ ನೋಡಿದರು.

"ಗೋಡೆ ಕಡೆ ತಿರುಗಿದ್ಯಾ?"

"ಇಲ್ಲ ಅತ್ತೆ. ಊರ ಕಡೆ ತಿರುಗಿದ್ದೆ. ಮಾವನ ವಿಷಯ ಮಾತ್ರ ಬಾಯಿ ಬಿಡಲಿಲ್ಲ."

"ಎಲ್ರೂ ನೋಡಿದ್ರಾ?"

"ಎಲ್ರೂ ನೋಡಿದ್ರು."

ಬೈಯುತ್ತಾರೆ ಎಂದುಕೊಂಡೆ. ಅತ್ತೆ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, ಮಾವ ಸತ್ತ ದಿನವೂ ಅತ್ತಿರದ ಹಾಗೆ ಅತ್ತರು. "ಮೂವತ್ತು ವರ್ಷ ಕಣೆ" ಎಂದರು. "ಮನೇಲೂ ಅವರು ಗೋಡೆ ಕಡೆ ತಿರುಗೇ ತಿಂತಿದ್ರು." ಆಮೇಲೆ ಮೂಗು ಒರೆಸಿಕೊಂಡು, ನಾಳೆಗೆ ಬೆಲ್ಲ ಕುಟ್ಟಲು ಎದ್ದರು.